ಇನ್ನೂ ಆರು ಪರ್ಸೆಂಟ್

ತಿಂಗಳಿಗೆ ಒಬ್ಬರಾದರೂ ಇದೇ ಪ್ರಶ್ನೆ ಹಿಡಿದು ಸಲಹೆಗೆಂದು ಬಂದು ನನ್ನ ಮುಂದೆ ಕೂರುತ್ತಾರೆ: ಕೆಲಸಕ್ಕೆ ಸೇರಿದರೆ ಪಗಾರ ನಿಂತುಹೋಗುತ್ತದೆಯೇ? ಬೇರೆ ಕಡೆಯವರಿಗೆ ಈ ಮಾತು ವಿಚಿತ್ರ ಎನ್ನಿಸಬಹುದು. ನಮ್ಮ ಕಡೆ ವಿಕಲಚೇತನರಿಗೆ ಸರ್ಕಾರ ಕೊಡುವ ಮಾಸಾಶನಕ್ಕೂ ಪಗಾರವೆಂದೇ ಹೆಸರು. ದುಡಿದು ತರುವುದೂ ಪಗಾರ, ದುಡಿಮೆ ಇಲ್ಲವೆಂದು ಬರೆದುಕೊಟ್ಟು ಪಡೆಯುವುದೂ ಪಗಾರ.

ಈ ಪ್ರಕರಣವನ್ನು ಬರೆಯುತ್ತಿರುವುದು ನಾನು ಕೊಟ್ಟ ಸಲಹೆ ಇನ್ನೂ ನನ್ನನ್ನು ಕಾಡುತ್ತಿರುವುದರಿಂದ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಸಿರುಗುಪ್ಪ ತಾಲ್ಲೂಕಿನ ಯುವಕ. ವಯಸ್ಸು ಮೂವತ್ತು ದಾಟಿದೆ, ಎಡಗಾಲಿಗೆ ಪೋಲಿಯೊ, ಓದು ಪಿಯುಸಿ. ತಂದೆ ಇಲ್ಲ, ತಾಯಿ ಭತ್ತದ ನಾಟಿಗೆ, ಕಳೆಗೆ ಕೂಲಿ ಹೋಗುವವರು. ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ 70 ಪರ್ಸೆಂಟ್ ಎಂದಿತ್ತು, ಮಾಸಾಶನ ಬರುತ್ತಿದ್ದುದು ತಿಂಗಳಿಗೆ 800 ರೂಪಾಯಿ. ರಾತ್ರಿ ನಿದ್ದೆಯಿಲ್ಲ, ತಾಯಿಯ ಮೇಲೆ ಸಿಡುಕು ಹೆಚ್ಚಾಗಿದೆ ಎಂದು ಅವರ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಕರೆತಂದಿದ್ದರು.

ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಕೆಲಸದ ಮಾತಾಗಿತ್ತು. ಹೊಲಿದು ಬಂದ ಪ್ಯಾಂಟುಗಳನ್ನು ನೋಡಿ, ಜೋತುಬಿದ್ದ ದಾರ ಕತ್ತರಿಸಿ, ಲೆಕ್ಕ ಬರೆದು ಕಟ್ಟು ಕಟ್ಟುವುದು. ಕುಳಿತು ಮಾಡುವ ಕೆಲಸ, ತಿಂಗಳಿಗೆ 9,000. ಆತ ಎರಡು ಸಲ ಒಪ್ಪಿ ಎರಡು ಸಲವೂ ಹೋಗಿರಲಿಲ್ಲ.

800 ಎಲ್ಲಿ, 9,000 ಎಲ್ಲಿ ಎಂದು ನಾನೂ ಮೊದಲು ಅಂದುಕೊಂಡೆ. ಎರಡು ಭೇಟಿಗಳು ಲೆಕ್ಕಾಚಾರದಲ್ಲೇ ಕಳೆದುಹೋದವು. ಮೂರನೆಯ ಸಲ ಆತ ಒಳಗೆ ಬರುವಾಗ ನಾನು ಕಿಟಕಿಯ ಬಳಿ ನಿಂತಿದ್ದೆ. ಗೇಟಿನ ಹೊರಗೆ ಊರುಗೋಲು ಹಿಡಿದು ಸಲೀಸಾಗಿ ನಡೆದು ಬಂದವರು, ಗೇಟು ದಾಟುತ್ತಲೇ ಕಾಲೆಳೆಯತೊಡಗಿದರು. ಕುಳಿತ ಮೇಲೆ ಕೇಳಿದೆ, ಕಾಲು ನೋಯುತ್ತಿದೆಯೇ ಎಂದು. ಬಹಳ ಹೊತ್ತು ಸುಮ್ಮನಿದ್ದರು.

"ಮೇಡಂ, ಮೂರು ವರ್ಷದಿಂದ ಇನ್ನೂ ಆರು ಪರ್ಸೆಂಟ್ ಅಂಗವಿಕಲನಾಗಲು ಓಡಾಡುತ್ತಿದ್ದೇನೆ" ಎಂದರು.

ಆಮೇಲೆ ಎಲ್ಲ ಹೊರಬಂತು. 75 ದಾಟಿದರೆ ಮಾಸಾಶನ 1,400. ದಲ್ಲಾಳಿಯೊಬ್ಬ 15,000 ಕೊಟ್ಟರೆ 80 ಪರ್ಸೆಂಟ್ ಬರೆಸಿಕೊಡುತ್ತೇನೆ ಎಂದು 5,000 ಮುಂಗಡ ಪಡೆದಿದ್ದ. ವೈದ್ಯರ ಮುಂದೆ ಹೇಗೆ ನಡೆಯಬೇಕು ಎಂದೂ ಅವನೇ ಹೇಳಿಕೊಟ್ಟಿದ್ದ. ಆತ ಮನೆಯ ಹಿತ್ತಲಲ್ಲಿ ಅಭ್ಯಾಸ ಮಾಡಿದರು. ಯಾರಾದರೂ ನೋಡಿ ದೂರು ಕೊಟ್ಟಾರು ಎಂಬ ಭಯಕ್ಕೆ ಊರಿನಲ್ಲೂ ಹಾಗೆಯೇ ನಡೆಯತೊಡಗಿದರು. ಚಹಾದಂಗಡಿಗೆ ಹೋಗುವುದನ್ನು ಬಿಟ್ಟರು. ಜೀನ್ಸ್ ಘಟಕಕ್ಕೆ ಹೋಗದಿದ್ದುದೂ ಇದಕ್ಕೇ: ದಿನಾ ಬಸ್ ಹತ್ತುವವನಿಗೆ 80 ಪರ್ಸೆಂಟ್ ಯಾರು ಕೊಡುತ್ತಾರೆ?

"ಈಗ ಒಬ್ಬನೇ ಇದ್ದಾಗಲೂ ನೆಟ್ಟಗೆ ನಡೆಯಲು ಬರುವುದಿಲ್ಲ ಮೇಡಂ. ಮರೆತಂತಾಗಿದೆ."

ಆ ದಿನ ನಾನು ಹೆಚ್ಚು ಮಾತಾಡಲಿಲ್ಲ. ಕಾಗದ ತೆಗೆದುಕೊಂಡು ಒಂದೇ ಭಾಗಾಕಾರ ಮಾಡಿದೆ. ಆರು ಪರ್ಸೆಂಟಿಗೆ ಸಿಗುವ ಹೆಚ್ಚುವರಿ 600 ರೂಪಾಯಿಯಲ್ಲಿ ದಲ್ಲಾಳಿಯ 15,000 ತೀರಲು 25 ತಿಂಗಳು ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮೋಸದಿಂದ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಇವೆ ಎಂಬುದನ್ನೂ ಹೇಳಿದೆ. ಸರ್ಕಾರಿ ಕೆಲಸದ ಮೀಸಲಾತಿಗೆ 40 ಪರ್ಸೆಂಟ್ ಇದ್ದರೆ ಸಾಕು. 80 ಎಂದು ಬರೆಸಿಕೊಂಡರೆ ಆ ಸಾಲಿನಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಕೊಟ್ಟ ಸಲಹೆ ಇಷ್ಟು: ದಲ್ಲಾಳಿಯನ್ನು ಬಿಡಿ. ಕೆಲಸಕ್ಕೆ ಹೋಗಿ. ಮೂರು ತಿಂಗಳು ನಿಂತರೆ ನಾಡಕಚೇರಿಗೆ ನೀವೇ ಹೋಗಿ ಆದಾಯ ತಿಳಿಸಿ, ಮಾಸಾಶನ ನಿಲ್ಲುವುದಾದರೆ ನಿಲ್ಲಲಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬೇರೆ, ಮಾಸಾಶನ ಬೇರೆ. ಅದು ನಿಂತರೆ ಇದು ರದ್ದಾಗುವುದಿಲ್ಲ. 100 ಕಿಲೋಮೀಟರ್‌ವರೆಗಿನ ರಿಯಾಯಿತಿ ಬಸ್ ಪಾಸ್ ಬಳ್ಳಾರಿಗೆ ಬಂದು ಹೋಗಲು ಸಾಕು. ತಾಯಿಯ ಗೃಹಲಕ್ಷ್ಮಿಗೂ ನಿಮ್ಮ ಮಾಸಾಶನಕ್ಕೂ ಸಂಬಂಧವಿಲ್ಲ.

ತಾಯಿ ಬಾಗಿಲಲ್ಲೇ ಕುಳಿತು ಕೇಳುತ್ತಿದ್ದರು. "ಇರುವ ಪಗಾರ ಬಿಟ್ಟು ಬರುವ ಪಗಾರಕ್ಕೆ ಹೋಗು ಎನ್ನುತ್ತೀರಲ್ಲಮ್ಮಾ, ಅದು ನಿಂತರೆ ನೀವು ಕೊಡುತ್ತೀರಾ?" ಎಂದರು.

ನನ್ನ ಜೊತೆ ಕೆಲಸ ಮಾಡುವವರೂ ಆಮೇಲೆ ಇದನ್ನೇ ಕೇಳಿದರು. ಮಾಸಾಶನ ಪಡೆಯಲು ಕುಟುಂಬದ ವಾರ್ಷಿಕ ಆದಾಯ 32,000 ದಾಟಬಾರದು. ಅಂದರೆ ದಿನಕ್ಕೆ 88 ರೂಪಾಯಿಯೂ ಇಲ್ಲ. ತಾಯಿಯೊಬ್ಬರ ನಾಟಿ ಕೂಲಿಯನ್ನು ಪ್ರಾಮಾಣಿಕವಾಗಿ ಬರೆದರೂ ಈ ಗೆರೆ ಉಳಿಯುವುದಿಲ್ಲ. ಊರಿಗೆ ಊರೇ ಸುಳ್ಳು ಆದಾಯ ಬರೆಸುವಾಗ ಈ ಹುಡುಗನಿಗೆ ಮಾತ್ರ ಸತ್ಯ ಹೇಳು ಎನ್ನುವುದು ಯಾವ ನ್ಯಾಯ ಎಂದರು. ಅವರ ಮಾತು ಸುಳ್ಳಲ್ಲ. ಗೆರೆಯನ್ನು ಅಷ್ಟು ಕೆಳಗೆ ಎಳೆದವರೇ ಜನರನ್ನು ಸುಳ್ಳಿಗೆ ತಳ್ಳಿದ್ದಾರೆ ಎಂದು ನಾನೂ ನಂಬುತ್ತೇನೆ. ಮಾಸಾಶನ ಭಿಕ್ಷೆಯಲ್ಲ, ಹಕ್ಕು. ಕೆಲಸ ಸಿಗದವರಿಗೆ ಅದನ್ನು ಬಿಡಿ ಎಂದು ನಾನು ಒಮ್ಮೆಯೂ ಹೇಳಿಲ್ಲ, ಅರ್ಜಿಗಳನ್ನು ಬರೆದುಕೊಟ್ಟಿದ್ದೇನೆ. ಆದರೆ ನನ್ನ ಮುಂದೆ ಕುಳಿತಿದ್ದವರಿಗೆ ಕೆಲಸ ಸಿಕ್ಕಿತ್ತು, ಮತ್ತು ಅವರು ನಡೆಯುವುದನ್ನು ಮರೆಯುತ್ತಿದ್ದರು. ನಾನು ಆ ಕಾಲನ್ನು ನೋಡಿ ಸಲಹೆ ಕೊಟ್ಟೆ, ಕಡತವನ್ನು ನೋಡಿ ಅಲ್ಲ.

ಒಂದು ವಿಷಯದಲ್ಲಿ ತಪ್ಪಿದೆ. ಬಿಪಿಎಲ್ ಕಾರ್ಡಿಗೆ ತೊಂದರೆಯಿಲ್ಲ, ನಿಮ್ಮ ವರ್ಷದ ಸಂಬಳ 1.08 ಲಕ್ಷ, ಮಿತಿ 1.2 ಲಕ್ಷ ಎಂದು ಸಲೀಸಾಗಿ ಹೇಳಿಬಿಟ್ಟೆ. ತಾಯಿಯ ಕೂಲಿಯನ್ನು ಸೇರಿಸಲಿಲ್ಲ. ಅದನ್ನು ತೋರಿಸಿಕೊಟ್ಟವರೂ ಆ ತಾಯಿಯೇ.

ಆತ ಸೇರಿದರು. ನಾಲ್ಕು ತಿಂಗಳಾದ ಮೇಲೆ ಆಷಾಢದಲ್ಲಿ ಆರ್ಡರ್ ಇಲ್ಲವೆಂದು ಘಟಕ ಮೂರು ವಾರ ಮುಚ್ಚಿತು, ಆ ದಿನಗಳ ಸಂಬಳ ಬರಲಿಲ್ಲ. ಮಾಸಾಶನ ಅಷ್ಟರಲ್ಲಿ ನಿಂತಿತ್ತು. ಫೋನ್ ಮಾಡಿ, "ಮೇಡಂ, ಈಗ ಏನು ಮಾಡಲಿ?" ಎಂದಾಗ ನನ್ನ ಬಳಿ ಸಿದ್ಧ ಉತ್ತರ ಇರಲಿಲ್ಲ. ಪಿಂಚಣಿ ಅದಾಲತ್ ನಡೆದಾಗ ಹೋಗಿ ಮತ್ತೆ ಅರ್ಜಿ ಹಾಕಬಹುದು ಎಂದೆ. ಹಾಕಲಿಲ್ಲ, ಘಟಕ ತೆರೆದ ದಿನವೇ ಮರಳಿ ಹೋದರು. ಈಗ ಸಲಹೆ ಕೇಳಿ ಬರುವವರಿಗೆ ಮೂರು ತಿಂಗಳಲ್ಲ, ಒಂದು ಆಷಾಢ ದಾಟಲಿ, ಆಮೇಲೆ ನಾಡಕಚೇರಿಯ ಮಾತು ಎನ್ನುತ್ತೇನೆ. ಇದು ಅಪ್ರಾಮಾಣಿಕತೆ ಎನ್ನುವವರು ಎನ್ನಲಿ.

ದಲ್ಲಾಳಿಗೆ ಕೊಟ್ಟ 5,000 ಮರಳಿ ಬಂದಿಲ್ಲ. ಕಳೆದ ಸಲ ಬಂದಾಗ ತಾಯಿ ಜೊತೆಗಿರಲಿಲ್ಲ. ನಾನು ಮತ್ತೆ ಕಿಟಕಿಯ ಬಳಿ ನಿಂತು ನೋಡಿದೆ. ಗೇಟು ದಾಟುವಾಗ ಒಂದೆರಡು ಹೆಜ್ಜೆ ಕಾಲೆಳೆದರು, ನಂತರ ಸರಿಹೋಯಿತು.