ಪ್ರತಿಕ್ರಿಯೆ: ಜೋಗಿಮಟ್ಟಿಗೆ ಹೋಗುವ ನಿಮ್ಮ ಗುಂಪಿಗೆ ಸಂಘ ಬೇಕಾ?

ಪ್ರತಿ ಭಾನುವಾರ ಎಂಟು ಜನ ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಪ್ಲಾಸ್ಟಿಕ್ ಆಯುತ್ತೇವೆ, ಸಂಘ ಮಾಡಿದರೆ ಏನು ಉಪಯೋಗ ಅಂತ ಕೇಳಿದ್ದೀರಿ. ಖಂಡಿತ ಮಾಡಿ. 1960ರ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು. ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆಯಬಹುದು. ಮುಂದೆ ಆದಾಯ ತೆರಿಗೆ ಇಲಾಖೆಯ ಮಾನ್ಯತೆ (80ಜಿ ಅಂತಾರಲ್ಲ, ಅದು) ಸಿಕ್ಕರೆ ದಾನಿಗಳಿಗೆ ತೆರಿಗೆ ವಿನಾಯಿತಿಯೂ ಸಿಗಬಹುದು.

ಸಂಘ ಎಷ್ಟು ಮಾಡಬಹುದು ಅನ್ನೋದಕ್ಕೆ ಒಂದು ಉದಾಹರಣೆ: ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ 843 ಎಕರೆ. ಜಾಗ ನಗರದ್ದೇ, ಆದರೆ ದಿನನಿತ್ಯ ನೋಡಿಕೊಳ್ಳುವುದು 1980ರಲ್ಲಿ ಶುರುವಾದ ಒಂದು ಲಾಭರಹಿತ ಸಂಸ್ಥೆ.

ಆದರೆ ಜೋಗಿಮಟ್ಟಿ ಪಾರ್ಕ್ ಅಲ್ಲ, ವನ್ಯಜೀವಿಧಾಮ. ಅರಣ್ಯ ಇಲಾಖೆ ಒಪ್ಪದೆ ಒಂದು ಗಿಡವನ್ನೂ ಕೀಳಬೇಡಿ, ನೆಡಲೂ ಬೇಡಿ. ಅನುಮತಿ ಸಿಕ್ಕರೆ ಲಂಟಾನ ಎಂಬ ಕಳೆಪೊದೆ ತೆಗೆಯುವ ಕೆಲಸ ಕೇಳಿ. ಸುಮ್ನೆ ಮೇಲೆ ಸವರಿದರೆ ಇನ್ನೂ ಜಾಸ್ತಿ ಚಿಗುರುತ್ತದೆ. ಗುದ್ದಲಿಯಿಂದ ಮಣ್ಣು ಸರಿಸಿ, ನೆಲದಿಂದ ಮೂರ್ನಾಲ್ಕು ಬೆರಳು ಕೆಳಗೆ ತಾಯಿಬೇರನ್ನೇ ಕಡಿಯಬೇಕು. ಆಮೇಲೆ ಪೊದೆಯನ್ನು ಬೇರು ಮೇಲಾಗುವಂತೆ ಬೋರಲು ಹಾಕಿ, ಮತ್ತೆ ಮಣ್ಣು ಹಿಡಿಯುವುದಿಲ್ಲ. ಮಳೆ ಬಂದ ಮೇಲೆ ಅದೇ ಜಾಗಕ್ಕೆ ಮತ್ತೆ ಹೋಗಿ, ಬೀಜದಿಂದ ಹುಟ್ಟಿದ ಸಸಿಗಳನ್ನು ಕೀಳಲೇಬೇಕು.

ಊರೊಳಗಿನ ಪಾರ್ಕುಗಳನ್ನೂ ಮರೆಯಬೇಡಿ. ನಮ್ಮಮ್ಮನಿಗೆ ಮಂಡಿನೋವು, ವಾಕರ್ ಹಿಡಿದೇ ನಡೆಯುತ್ತಾರೆ. ಬೈಕ್ ನುಗ್ಗದಿರಲಿ ಅಂತ ಗೇಟಿಗೆ ಹಾಕಿದ ಕಂಬಗಳ ನಡುವೆ ಆ ವಾಕರ್ ತೂರುವುದಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಒಳಗಿನ ಮರ ನೋಡುತ್ತಾರೆ. ಅಂಥವರು ನಿಮ್ಮ ಬೀದಿಯಲ್ಲೂ ಇರುತ್ತಾರೆ, ಅಲ್ವಾ? ಸಂಘದ ಲೆಟರ್‌ಹೆಡ್‌ನಲ್ಲಿ ನಗರಸಭೆಗೆ ಬರೆಯುವ ಮೊದಲ ಅರ್ಜಿ ಆ ಗೇಟಿನ ಬಗ್ಗೆಯೇ ಇರಲಿ. ಕಂಬಗಳ ನಡುವಿನ ಅಳತೆ, ಒಂದು ಫೋಟೋ ಜೊತೆಗಿಡಿ.