ಕೆವಿನ್ ಲೋವ್: ಕಪ್ 5 ಅಥವಾ 6?

ಐಸ್ ಹಾಕಿ ಆಟಗಾರ ಕೆವಿನ್ ಲೋವ್ ಬಗ್ಗೆ ನೀವು ಬರೆಯುತ್ತಿರುವ ಲೇಖನಕ್ಕೆ ಅವರ ಕಪ್‌ಗಳ ಸಂಖ್ಯೆ ಕೇಳಿದ್ದೀರಿ. ಒಂದು ಕಡೆ 5 ಸ್ಟ್ಯಾನ್ಲಿ ಕಪ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಚಾಂಪಿಯನ್ ಪ್ರಶಸ್ತಿ), ಇನ್ನೊಂದು ಕಡೆ 6 ಎಂದು ಕಾಣಲು ಕಾರಣ ಬಹುಶಃ ಇಷ್ಟೇ: ಮೊದಲ ಪಟ್ಟಿ ಎಡ್ಮಂಟನ್ ಆಯಿಲರ್ಸ್ ತಂಡದ್ದು, ಎರಡನೆಯದು ಇಡೀ ವೃತ್ತಿಜೀವನದ್ದು. ಆಯಿಲರ್ಸ್ ಪರ 1984, 1985, 1987, 1988, 1990. ನ್ಯೂಯಾರ್ಕ್ ರೇಂಜರ್ಸ್ ಪರ 1994. ನಿಮ್ಮ ಲೇಖನಕ್ಕೆ 6 ಸರಿ. ಪಂದ್ಯಗಳ ಸಂಖ್ಯೆಯಲ್ಲೂ ಇದೇ ಗೊಂದಲ ಬರುತ್ತದೆ: ಪ್ಲೇಆಫ್ (ಕೊನೆಯ ನಾಕೌಟ್ ಹಂತ) ಬಿಟ್ಟು ಒಟ್ಟು 1,254, ಅದರಲ್ಲಿ ಆಯಿಲರ್ಸ್‌ಗೆ 1,037.

ಮೊದಲು ಆಟಗಾರನ ಭಾಗವನ್ನು ಬೇರೆಯಾಗಿ ಬರೆದು ಮುಗಿಸಿ. 1979ರಲ್ಲಿ ಎನ್‌ಎಚ್‌ಎಲ್ ಪ್ರವೇಶಿಸಿದ ಆಯಿಲರ್ಸ್, ಹೊಸ ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲು ಆರಿಸಿದ್ದು ಇವರನ್ನೇ. ಆ ಲೀಗ್‌ನಲ್ಲಿ ತಂಡದ ಮೊದಲ ಗೋಲನ್ನು ಹೊಡೆದದ್ದೂ ರಕ್ಷಣಾ ಆಟಗಾರನಾದ ಇವರೇ! ಆದರೆ ಗೋಲುಗಳಿಂದ ಇವರನ್ನು ಅಳೆಯಬೇಡಿ. ಪ್ಲೇಆಫ್ ಬಿಟ್ಟರೆ ಇಡೀ ವೃತ್ತಿಜೀವನದಲ್ಲಿ 84 ಮಾತ್ರ. ತಂಡದ ಗೋಲುಗಾರರಾದ ವೇಯ್ನ್ ಗ್ರೆಟ್ಸ್ಕಿ, ಯಾರಿ ಕುರ್ರಿಯಂಥವರು ಮುನ್ನುಗ್ಗುವಾಗ ಹಿಂದೆ ನಿಂತು ಕಾಯುವುದೇ ಇವರ ಕೆಲಸವಾಗಿತ್ತು.

ಆಮೇಲೆ ಹುದ್ದೆಗಳು. 1998ರಲ್ಲಿ ನಿವೃತ್ತಿ, ಆಯಿಲರ್ಸ್‌ನಲ್ಲೇ ಸಹಾಯಕ ಕೋಚ್, 1999-2000ರಲ್ಲಿ ಮುಖ್ಯ ಕೋಚ್. ಒಂದೇ ಋತು ಎಂಬುದು ಮುದ್ರಣದೋಷವಲ್ಲ. 2000ದಲ್ಲಿ ಜನರಲ್ ಮ್ಯಾನೇಜರ್ ಆದರು. ಆ ಅವಧಿಯಲ್ಲಿ ಹೆಚ್ಚು ಜಾಗ ಕೊಡಬೇಕಾದದ್ದು 2005-06ಕ್ಕೆ: ರಕ್ಷಣಾ ಆಟಗಾರ ಕ್ರಿಸ್ ಪ್ರಾಂಗರ್‌ರನ್ನು ಕರೆತಂದರು, ತಂಡ ಫೈನಲ್ ಸರಣಿ ತಲುಪಿ ಕ್ಯಾರೊಲೈನಾ ತಂಡದ ವಿರುದ್ಧ ಕೊನೆಯ, 7ನೇ ಪಂದ್ಯದಲ್ಲಿ ಸೋತಿತು. 2008ರಲ್ಲಿ ಆ ಹುದ್ದೆ ಬಿಟ್ಟು, ತಂಡದ ಹಾಕಿ ವಿಭಾಗದ ಅಧ್ಯಕ್ಷರಾದರು. ಆ ವರ್ಷಗಳ ಸೋಲುಗಳನ್ನು ಮುಚ್ಚಿಡಬೇಡಿ, ಎಡ್ಮಂಟನ್ ಅಭಿಮಾನಿಗಳು ಮರೆತಿಲ್ಲ.

ಕೊನೆಯದಾಗಿ, ಐಸ್ ಹಾಕಿಯ ಸಾಧಕರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ 2020ರಲ್ಲಿ ಆಯ್ಕೆಯಾದದ್ದು ಆಡಳಿತಗಾರರಾಗಿ ಅಲ್ಲ, ಆಟಗಾರರಾಗಿ. ನಿಮ್ಮ ಕರಡಿನಲ್ಲಿ ಆಡಳಿತಗಾರರಾಗಿ ಎಂದಿರುವ ವಾಕ್ಯವನ್ನು ತಿದ್ದಿ.