ಮಡಕೆ ಮಾಡುವುದು ಕಲಿಯಬೇಕು, ಮೊದಲು ತಿಗರಿ ಕೊಳ್ಳಲೇ?

ಚಿಕ್ಕಬಳ್ಳಾಪುರದಲ್ಲಿದ್ದೇನೆ, ವಿಡಿಯೊ ನೋಡಿ ಆಸೆಯಾಗಿದೆ, ಕರೆಂಟಿನ ತಿಗರಿ (ಕುಂಬಾರರ ಚಕ್ರ) ತರಿಸಿಕೊಳ್ಳಲೇ ಅಂತ ಕೇಳಿದ್ದೀರಿ. ಈಗಲೇ ಬೇಡ.

ನಮ್ಮೂರು ಕೋಲಾರ. ಮುಳಬಾಗಿಲು ಕಡೆಯ ಹಳ್ಳಿಯಲ್ಲಿ ಒಬ್ಬ ಕುಂಬಾರ ತಾತನ ಹತ್ತಿರ ಭಾನುವಾರಗಳಲ್ಲಿ ಹೋಗಿ ಕಲಿತೆ. ಮೊದಲ ಎರಡು ತಿಂಗಳು ಅವರು ತಿಗರಿ ಮುಟ್ಟಲೂ ಬಿಡಲಿಲ್ಲ. ಬರೀ ಮಣ್ಣಿನ ಕೆಲಸ. ಆಗ ಸಿಟ್ಟು ಬರುತ್ತಿತ್ತು.

ನಮ್ಮ ಹೊಲದ ಕೆಮ್ಮಣ್ಣು ಇದಕ್ಕೆ ಒಗ್ಗುವುದಿಲ್ಲ, ಮರಳು ಜಾಸ್ತಿ. ಕೆರೆಯ ಜೇಡಿಮಣ್ಣು ಬೇಕು. ಅದನ್ನು ಒಣಗಿಸಿ, ಕುಟ್ಟಿ, ನೆನೆಸಿ, ಸೋಸಬೇಕು. ಸುಣ್ಣಕಲ್ಲಿನ ಒಂದು ಹರಳು ಉಳಿದರೂ ತೊಂದರೆ. ಸುಟ್ಟ ಮೇಲೆ ಅದು ತೇವ ಹೀರಿ ಉಬ್ಬುತ್ತದೆ, ಮಡಕೆಯ ಮೈಯಿಂದ ಚಕ್ಕೆ ಏಳುತ್ತದೆ. ಆಮೇಲೆ ಚೆನ್ನಾಗಿ ನಾದಿ. ಹದ ಬಂತಾ ಅಂತ ನೋಡಲು ಕಿರುಬೆರಳ ದಪ್ಪಕ್ಕೆ ಹೊಸೆದು ತೋರುಬೆರಳಿಗೆ ಸುತ್ತಿ. ಬಿರುಕು ಬಿಟ್ಟರೆ ನೀರೋ ಜಿಗುಟೋ ಸಾಲದು, ಕೈಗೆ ಮೆತ್ತಿಕೊಂಡರೆ ನೀರು ಜಾಸ್ತಿ. ಇನ್ನೊಂದು ಪರೀಕ್ಷೆ ಇದೆ. ಮಣ್ಣನ್ನು ಚಪ್ಪಟೆಯಾಗಿ ತಟ್ಟಿ, 10 ಸೆಂಟಿಮೀಟರ್ ಗೆರೆ ಎಳೆದು ಒಣಗಲು ಬಿಡಿ. ಗೆರೆ 9ಕ್ಕೆ ಇಳಿದಿದ್ದರೆ ಆ ಮಣ್ಣು ತುಂಬಾ ಕುಗ್ಗುತ್ತದೆ, ಸ್ವಲ್ಪ ಸಣ್ಣ ಮರಳು ಸೇರಿಸಿ.

ಒಣಗಿಸುವುದರಲ್ಲೇ ನಾನು ಎಡವಿದ್ದು. ಒಂದು ಏಪ್ರಿಲ್‌ನಲ್ಲಿ ಹನ್ನೊಂದು ಹಣತೆ ಮಾಡಿ, ಬೇಗ ಒಣಗಲಿ ಅಂತ ತಾರಸಿಯ ಬಿಸಿಲಿಗಿಟ್ಟೆ. ಸಂಜೆಗೆ ಒಂಬತ್ತು ಬಾಯಿ ಬಿಟ್ಟಿದ್ದವು. ಅಂಚು ಒಣಗಿ ಕುಗ್ಗುತ್ತದೆ, ತಳ ಇನ್ನೂ ಹಸಿಯಾಗಿರುತ್ತದೆ, ಸೀಳದೆ ಇನ್ನೇನಾಗುತ್ತದೆ? ನೆರಳಲ್ಲಿಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಹೊದಿಸಿ, ಅಂಚು ಗಟ್ಟಿಯಾದ ಮೇಲೆ ಬೋರಲು ಹಾಕಿ.

ಸುಡುವ ಮುಂಚೆ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ನೀರಿದೆ. ಗಾಳಿಗುಳ್ಳೆಯಿಂದ ಮಡಕೆ ಸಿಡಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಸಿಡಿಸುವುದು ಹೆಚ್ಚಾಗಿ ಈ ತೇವವೇ. ಕಾವು 100 ಡಿಗ್ರಿ ದಾಟಿದಾಗ ಅದು ಆವಿಯಾಗುತ್ತದೆ, ಹೊರಗೆ ಬರಲು ದಾರಿ ಸಾಲದೆ ಮಡಕೆಯನ್ನೇ ಒಡೆಯುತ್ತದೆ. "ಒಣಗಿದೆಯಾ?" ಅಂತ ತಾತ ಕೇಳಿದಾಗ ನಾನು ಸುಮ್ನೆ ಹೂಂ ಅಂದಿದ್ದೆ. ಆವಿಗೆಯಲ್ಲಿ, ಅಂದರೆ ಮಡಕೆ ಸುಡುವ ಗೂಡಿನಲ್ಲಿ, ನನ್ನ ಲೋಟ ಸಿಡಿದು ಪಕ್ಕದಲ್ಲಿದ್ದ ಅವರ ಎರಡು ಕುಡಿಕೆಗಳೂ ಹೋದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಅವತ್ತು ನನ್ನ ಲೋಟವೇ ದೊಣ್ಣೆ. ಬೈಯಲಿಲ್ಲ. ಮುಂದಿನ ಸಲದಿಂದ ನನ್ನವನ್ನೆಲ್ಲ ಆವಿಗೆಯ ಮೂಲೆಗೆ ಇಡತೊಡಗಿದರು, ಅಷ್ಟೇ.

ತಿಗರಿ ಆಮೇಲೆ ನೋಡೋಣ. ಸದ್ಯಕ್ಕೆ ಐದು ಕೆಜಿ ಮಣ್ಣು, ಒಂದು ಹಲಗೆ, ಒಂದು ದಾರ ಸಾಕು. ಉಂಡೆಯನ್ನು ಹೆಬ್ಬೆರಳಿಂದ ಒತ್ತಿ ಬಟ್ಟಲು ಮಾಡಿ, ಹೊಸೆದ ಮಣ್ಣನ್ನು ಸುತ್ತಿ ಕುಡಿಕೆ ಕಟ್ಟಿ. ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಲಿ. ಸುಡಲು ಮನೆಯಲ್ಲಿ ಗೂಡು ಕಟ್ಟಬೇಡಿ. ಹತ್ತಿರದಲ್ಲಿ ಕುಂಬಾರರಿದ್ದರೆ ದೀಪಾವಳಿಗೆ ಹಣತೆ ಸುಡುವಾಗ ಹೋಗಿ ಕೇಳಿ, ನಿಮ್ಮ ನಾಲ್ಕು ಬಟ್ಟಲಿಗೂ ಜಾಗ ಕೊಟ್ಟಾರು. ಮೂಲೆಯಲ್ಲಿ.